ಬ್ಯಾಕಪ್ ಅಳಿಸಿಹಾಕಿದ ಸಿಂಕ್ ಸೇವೆಯ ವಿರುದ್ಧ ದೂರು

ಮುಲುಂಡ್, ಮುಂಬಯಿ

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ವಿಷಯ: ನಮ್ಮ ಕಡತಗಳನ್ನು ಮರಳಿಸುವ ಬಗ್ಗೆ

ಮಾನ್ಯರೇ,

ನಮ್ಮ ಕನ್ನಡ ಸಂಘದ ಗ್ರಂಥಾಲಯದ ಸ್ಕ್ಯಾನ್ ಕಡತಗಳನ್ನು ಪ್ರತಿ ರಾತ್ರಿ ನಿಮ್ಮ ಸರ್ವರಿಗೆ ನಕಲು ಮಾಡುವ ಕೆಲಸವನ್ನು ನೀವು ವಹಿಸಿಕೊಂಡಿದ್ದೀರಿ. ಅದಕ್ಕೆ ಆರ್‌ಸಿಂಕ್ (ಒಂದೆಡೆಯ ಕಡತಗಳನ್ನು ಇನ್ನೊಂದೆಡೆಗೆ ನಕಲು ಮಾಡುವ ತಂತ್ರಾಂಶ) ಬಳಸುವ ಸ್ಕ್ರಿಪ್ಟ್, ಅಂದರೆ ಆದೇಶಗಳ ಪಟ್ಟಿ, ಬರೆದುಕೊಟ್ಟವರು ನಿಮ್ಮ ಇಂಜಿನಿಯರರು. ಕಳೆದ ವಾರದ ಮಳೆಯಲ್ಲಿ ಕರೆಂಟು ಹೋಗಿ ಬಂದು ನಮ್ಮ ಡಿಸ್ಕ್ ಕೆಟ್ಟಿತು. ಕಂಪ್ಯೂಟರ್ ಮತ್ತೆ ಚಾಲೂ ಆದರೂ ಡಿಸ್ಕ್ ಮೌಂಟ್ ಆಗಲಿಲ್ಲ, ಅಂದರೆ ಕಂಪ್ಯೂಟರಿಗೆ ಜೋಡಣೆಯಾಗಲಿಲ್ಲ. ಅದರ ಜಾಗದಲ್ಲಿದ್ದದ್ದು ಬರೀ ಖಾಲಿ ಫೋಲ್ಡರ್. ಆ ರಾತ್ರಿ ನಿಮ್ಮ ಸ್ಕ್ರಿಪ್ಟ್ ಆ ಖಾಲಿ ಫೋಲ್ಡರನ್ನೇ ಮೂಲವೆಂದು ಹಿಡಿದು, ಮೂಲದಲ್ಲಿಲ್ಲದ್ದನ್ನು ಪ್ರತಿಯಿಂದಲೂ ತೆಗೆಯುವ ‘ಡಿಲೀಟ್’ ಆಯ್ಕೆಯಂತೆ ನಿಮ್ಮ ಸರ್ವರಿನಲ್ಲಿದ್ದ ನಮ್ಮ ಕಡತಗಳನ್ನೆಲ್ಲ ಅಳಿಸಿಹಾಕಿತು.

‘ಸಿಂಕ್ ಯಶಸ್ವಿಯಾಗಿದೆ, ಮೂಲದಲ್ಲಿ ಅಳಿಸಿದ್ದು ನೀವೇ’ ಎಂದು ನಿಮ್ಮ ಸಹಾಯವಾಣಿಯವರು ಹೇಳುತ್ತಾರೆ. ಇದನ್ನು ನಾವು ಒಪ್ಪುವುದಿಲ್ಲ. ನಮ್ಮಲ್ಲಿ ಯಾರೂ ಒಂದು ಕಡತವನ್ನೂ ಮುಟ್ಟಿಲ್ಲ.

1996ರಿಂದ ಬಳಕೆಯಲ್ಲಿರುವ ಆರ್‌ಸಿಂಕ್‌ನ ಮೇಲೆ ತಪ್ಪು ಹೊರಿಸುವಂತೆಯೂ ಇಲ್ಲ. ಮೂಲದಲ್ಲಿಲ್ಲದ ಕಡತಗಳನ್ನು ಅದು ತಾನಾಗಿ ಅಳಿಸುವುದಿಲ್ಲ, ಹಾಗೆಂದು ಹೇಳಿದರೆ ಮಾತ್ರ ಅಳಿಸುತ್ತದೆ. ಹೇಳಿದಾಗಲೂ, ಮೂಲವನ್ನು ಓದುವಾಗ ದೋಷ ಕಂಡರೆ ಸಾಮಾನ್ಯವಾಗಿ ಅಳಿಸುವುದನ್ನು ಕೈಬಿಡುತ್ತದೆ. ಆದರೆ ಖಾಲಿ ಫೋಲ್ಡರನ್ನು ಓದುವುದರಲ್ಲಿ ಯಾವ ದೋಷವೂ ಕಾಣುವುದಿಲ್ಲ. ಡಿಸ್ಕ್ ಮೌಂಟ್ ಆಗಿದೆಯೇ ಎಂದು ಸ್ಕ್ರಿಪ್ಟ್ ಮೊದಲು ನೋಡಬೇಕಾದದ್ದು ಇದಕ್ಕೇ. ‘ಮ್ಯಾಕ್ಸ್-ಡಿಲೀಟ್’ (ಒಂದು ಸಲಕ್ಕೆ ಎಷ್ಟು ಅಳಿಸಬಹುದೆಂಬ) ಮಿತಿ ಇಟ್ಟಿದ್ದರೆ ಮಿತಿ ಮುಟ್ಟಿದ ಮೇಲೆ ಉಳಿದವು ಅಳಿಯದೆ, ಎರರ್ 25 ಬಂದು ನಿಮಗೇ ಗೊತ್ತಾಗುತ್ತಿತ್ತು. ‘ಬ್ಯಾಕಪ್’ ಆಯ್ಕೆಯ ಜೊತೆ ಬೇರೊಂದು ಫೋಲ್ಡರ್ ಸೂಚಿಸಿದ್ದರೆ ಅಳಿಸಬೇಕಾದ ಕಡತಗಳು ಅಲ್ಲಿಗೆ ಸರಿದು ಉಳಿಯುತ್ತಿದ್ದವು. ಸ್ಕ್ರಿಪ್ಟನ್ನು ತೆರೆದು ನೋಡಿದ್ದೇವೆ: ಇವುಗಳಲ್ಲಿ ಒಂದೂ ಇಲ್ಲ. ಮೂಲ ಕೆಟ್ಟ ರಾತ್ರಿಯೇ ತಾನೂ ಬರಿದಾಗುವ ಪ್ರತಿಯನ್ನು ಬ್ಯಾಕಪ್ ಎಂದು ಮಾರುವುದು ನಂಬಿಕೆದ್ರೋಹ.

ಹೋದದ್ದೇನು ಎಂಬುದು ನಿಮಗೆ ತಿಳಿದಿರಲಿ. ಫೋರ್ಟ್ ಭಾಗದ ಕನ್ನಡ ರಾತ್ರಿ ಶಾಲೆಯೊಂದರ ಹಾಜರಿ ಪುಸ್ತಕಗಳು ಅದರಲ್ಲಿದ್ದವು. ಊರು ಬಿಟ್ಟು ಬಂದು, ಹಗಲೆಲ್ಲ ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿ ಬೆಂಚಿನ ಮೇಲೆ ಕೂತು ಕಲಿತ ದಕ್ಷಿಣ ಕನ್ನಡದ ಹುಡುಗರ ಹೆಸರುಗಳವು. ಇವತ್ತಿಗೂ ಅವರ ಮೊಮ್ಮಕ್ಕಳು ಅಜ್ಜನ ಹೆಸರು ಹುಡುಕಿಕೊಂಡು ನಮ್ಮಲ್ಲಿಗೆ ಬರುತ್ತಾರೆ. ಸ್ಕ್ಯಾನ್ ಮಾಡುವಾಗಲೇ ಹಾಳೆಗಳು ಅಂಚಿನಿಂದ ಪುಡಿಯಾಗುತ್ತಿದ್ದವು, ಕೆಲವನ್ನು ಮತ್ತೆ ಬಿಡಿಸಲು ಸಾಧ್ಯವೇ ಇಲ್ಲ.

ಆದ್ದರಿಂದ ನಮ್ಮ ಖಾತೆಯ ರಾತ್ರಿ ಸಿಂಕನ್ನು ಕೂಡಲೇ ನಿಲ್ಲಿಸಿ. ನಮ್ಮ ಕಡತಗಳಿದ್ದ ಡಿಸ್ಕಿನ ಮೇಲೆ ಹೊಸದೇನನ್ನೂ ಬರೆಯಬೇಡಿ; ಇದು ಎಲ್ಲಕ್ಕಿಂತ ತುರ್ತು. ಸರ್ವರಿನ ಹಳೆಯ ಸ್ನ್ಯಾಪ್‌ಶಾಟ್‌ಗಳಲ್ಲಿ (ಹಿಂದಿನ ಸ್ಥಿತಿಯನ್ನು ಹಾಗೇ ಉಳಿಸಿಟ್ಟ ಪ್ರತಿಗಳಲ್ಲಿ) ಹುಡುಕಿಸಿ, ಸಿಕ್ಕಷ್ಟನ್ನು ಹೊಸ ಡಿಸ್ಕಿನಲ್ಲಿ ಹಾಕಿ ಕಳಿಸಿ. ಆ ರಾತ್ರಿಯ ಲಾಗ್, ಅಂದರೆ ಸ್ಕ್ರಿಪ್ಟ್ ಏನೇನು ಮಾಡಿತೆಂಬ ದಾಖಲೆ, ನಮಗೆ ಬೇಕು. ಶುಲ್ಕದ ಮಾತು ಆಮೇಲೆ ಆಡೋಣ.

15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಯ ದೂರು ಸಲ್ಲಿಸುತ್ತೇವೆ. ಸ್ಕ್ರಿಪ್ಟಿನ ಪ್ರತಿಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ.

ಇಂತಿ,
ಕಾರ್ಯದರ್ಶಿ, ಗ್ರಂಥಾಲಯ ಸಮಿತಿ