ನೊಂದವರನ್ನು ಕೇಳಿ ನಿಯಮ ರೂಪಿಸಿ

ಮಾನ್ಯರೇ,

ಮನೆಯೊಳಗಿನ ಹಿಂಸೆಯಿಂದ ಪಾರಾಗಿ ಬಂದವರಿಗೆ ಸಹಾಯವಾಣಿ, ಆಶ್ರಯ ಕೇಂದ್ರ, ಆಪ್ತ ಸಮಾಲೋಚನೆ ಎಲ್ಲವೂ ಇವೆ. ಆದರೆ ಇವನ್ನೆಲ್ಲ ರೂಪಿಸುವ ಸಭೆಗಳಲ್ಲಿ ಹೆಚ್ಚಿನ ಕಡೆ ಅವರೇ ಇರುವುದಿಲ್ಲ. ಹೊಡೆಯುವವನು ಪಕ್ಕದ ಕೋಣೆಯಲ್ಲೇ ಕೂತಿರುವಾಗ ಸಹಾಯವಾಣಿಯವರು ಮರಳಿ ಕರೆ ಮಾಡಿದರೆ ಏನು ಗತಿ? ಭೇಟಿಯ ದಿನ ತಿಳಿಸುವ ಪತ್ರ ಅವನ ಕೈಗೇ ಸಿಕ್ಕರೆ? ಇಂಥವು ಅನುಭವಿಸಿದವರಿಗೆ ತಟ್ಟನೆ ಹೊಳೆಯುತ್ತವೆ. ಅದೇ ನೋವನ್ನು ಪೊಲೀಸರಿಗೆ, ವೈದ್ಯರಿಗೆ, ವಕೀಲರಿಗೆ ಪ್ರತಿ ಸಲವೂ ಮೊದಲಿನಿಂದ ಹೇಳಬೇಕಾದ ಸಂಕಟ ಗೊತ್ತಿರುವುದೂ ಅವರಿಗೇ.

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಕೌಟುಂಬಿಕ ಹಿಂಸೆ ಕುರಿತ ರಾಯಲ್ ಕಮಿಷನ್ (ಉನ್ನತ ವಿಚಾರಣಾ ಆಯೋಗ) 2016ರಲ್ಲಿ 227 ಶಿಫಾರಸುಗಳನ್ನು ಮಾಡಿತು. ಅದೇ ವರ್ಷ ಅಲ್ಲಿನ ಸರ್ಕಾರ, ಹಿಂಸೆಯಿಂದ ಪಾರಾದವರದೇ ಒಂದು ಸಲಹಾ ಮಂಡಳಿ ರಚಿಸಿತು. ಅಂಥ ಮಂಡಳಿ ಎಲ್ಲೆಡೆ ಬೇಕು.

ವೇದಿಕೆಗೆ ಕರೆಸಿ, ಕಣ್ಣೀರು ಹಾಕಿಸಿ, ಚಪ್ಪಾಳೆ ತಟ್ಟಿ ಕಳಿಸುವುದು ಪಾಲ್ಗೊಳ್ಳುವಿಕೆಯಲ್ಲ. ನೀತಿ ಕರಡಿನ ಹಂತದಲ್ಲಿರುವಾಗಲೇ ಅವರನ್ನು ಕರೆಯಬೇಕು. ಅವರ ಸಮಯಕ್ಕೆ ಗೌರವಧನ ಕೊಡಬೇಕು, ಹೆಸರು ಗುಟ್ಟಾಗಿ ಉಳಿಯಬೇಕು, ಮಾತು ಭಾರವೆನಿಸಿದರೆ ಎದ್ದು ಹೋಗುವ ಸ್ವಾತಂತ್ರ್ಯವಿರಬೇಕು. ಹೇಳಿದ್ದರಲ್ಲಿ ಯಾವುದು ಜಾರಿಯಾಯಿತು, ಯಾವುದು ಆಗಲಿಲ್ಲ, ಏಕೆ ಎಂಬುದನ್ನು ಅವರಿಗೆ ಲಿಖಿತವಾಗಿ ತಿಳಿಸಬೇಕು.