ಹಳೆ ವಾಲ್ವ್ ಆಂಪ್‌ಗೆ ಮೊದಲು ಅರ್ತಿಂಗ್, ಆಮೇಲೆ ಉಳಿದ ರಿಪೇರಿ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ಮುಂದಿನ ತಿಂಗಳ ಒಂದನೇ ತಾರೀಕಿನಿಂದ ನಮ್ಮ ವರ್ಕ್‌ಶಾಪ್‌ನಲ್ಲಿ ಒಂದು ನಿಯಮ ಬದಲಾಗುತ್ತಿದೆ. ಗಿಟಾರ್ ವಾಲ್ವ್ ಆಂಪ್ (ಗಾಜಿನ ವಾಲ್ವ್‌ಗಳಿಂದ ಗಿಟಾರ್ ಸದ್ದನ್ನು ದೊಡ್ಡದು ಮಾಡುವ ಪೆಟ್ಟಿಗೆ) ಯಾವ ಕೆಲಸಕ್ಕೆ ಬಂದರೂ ಮೊದಲು ಅದರ ಮೇನ್ಸ್ ವೈರ್ (ಗೋಡೆಯಿಂದ ಕರೆಂಟ್ ತರುವ ವೈರ್) ಮತ್ತು ಅರ್ತಿಂಗ್ (ಸೋರಿದ ಕರೆಂಟ್ ನೆಲಕ್ಕೆ ಹೋಗುವ ದಾರಿ) ನೋಡುತ್ತೇವೆ. ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತೆ ಎಂದಷ್ಟೇ ತಂದಿದ್ದರೂ ಸರಿ. ಮೂರು ಪಿನ್ ವೈರ್ ಇಲ್ಲದಿದ್ದರೆ ಅದನ್ನು ಹಾಕಿ, ಅರ್ತ್ ಅನ್ನು ಚಾಸಿಗೆ (ಆಂಪ್‌ನ ಒಳಗಿನ ಲೋಹದ ಚೌಕಟ್ಟಿಗೆ) ಗಟ್ಟಿಯಾಗಿ ಕೂರಿಸಿದ ಮೇಲೆಯೇ ಉಳಿದ ಕೆಲಸ. ನಿಮಗೆ ಅದು ಬೇಡ ಅನ್ನಿಸಿದರೆ ಆಂಪ್ ಅನ್ನು ಬಂದ ಹಾಗೆಯೇ ವಾಪಸ್ ಕೊಡುತ್ತೇವೆ. ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಇಲ್ಲಿಯವರೆಗೆ ಇದನ್ನು ನಿಮ್ಮ ಇಷ್ಟಕ್ಕೆ ಬಿಟ್ಟಿದ್ದೆವು. ಇನ್ನು ಬಿಡುವುದಿಲ್ಲ. ಯಾಕೆ ಅಂತ ವಿವರವಾಗಿ ಹೇಳಬೇಕು, ಅದಕ್ಕೇ ಈ ಪತ್ರ.

ಅಮೆರಿಕದಲ್ಲಿರುವ ಮಗ, ತಮ್ಮ, ಗೆಳೆಯರ ಮೂಲಕ ಹಳೆ ಆಂಪ್ ತರಿಸಿಕೊಳ್ಳುವವರು ಬೆಂಗಳೂರಿನಲ್ಲಿ ಈಗ ಜಾಸ್ತಿಯಾಗಿದ್ದಾರೆ. ಸಂತೋಷದ ವಿಷಯ. 1960ರ ದಶಕದ ಫೆಂಡರ್ ಡಿಲಕ್ಸ್ ರಿವರ್ಬ್‌ಗೆ ಎರಡು 6ವಿ6 ವಾಲ್ವ್, 22 ವಾಟ್, ಅಷ್ಟೇ. ಆದರೆ ಅದು ಹಾಡುವ ರೀತಿ ಬೇರೆಯೇ. ತೊಂದರೆ ಇರುವುದು ಅದರ ಹಿಂಬದಿಯಲ್ಲಿ. 1960ರ ದಶಕದ ಕೊನೆಯವರೆಗೂ ಅಮೆರಿಕದ ಬಹಳಷ್ಟು ಆಂಪ್‌ಗಳು ಎರಡು ಪಿನ್ ವೈರ್‌ನಲ್ಲೇ ಬಂದವು. ಅರ್ತ್ ಇಲ್ಲದ್ದರಿಂದ ಹಮ್ (ಗುಂಯ್ ಎನ್ನುವ ಸದ್ದು) ಕಡಿಮೆ ಮಾಡಲು ಕಂಪನಿಯವರು ಬೇರೆ ದಾರಿ ಹುಡುಕಿದರು. ಮೇನ್ಸ್‌ನ ಒಂದು ತಂತಿಯಿಂದ ಚಾಸಿಗೆ ಒಂದು ಸಣ್ಣ ಕೆಪಾಸಿಟರ್ (ವಿದ್ಯುತ್ ಹಿಡಿದಿಡುವ ಬಿಡಿಭಾಗ) ಹಾಕಿದರು. ಫೆಂಡರ್‌ಗಳಲ್ಲಿ ಅದು ಸಾಮಾನ್ಯವಾಗಿ 0.047 ಮೈಕ್ರೋಫ್ಯಾರಡ್. ಯಾವ ತಂತಿಗೆ ಸೇರಿಸಬೇಕು ಎಂದು ಆರಿಸಲು ಹಿಂದೆ ಒಂದು ಗ್ರೌಂಡ್ ಸ್ವಿಚ್. ರಿಪೇರಿಯವರು ಈ ಬಿಡಿಭಾಗವನ್ನು ಡೆತ್ ಕ್ಯಾಪ್ ಎಂದೇ ಕರೆಯುತ್ತಾರೆ.

ಆ ಕೆಪಾಸಿಟರ್ ಸರಿಯಾಗಿದ್ದಾಗಲೂ ನಮ್ಮ 230 ವೋಲ್ಟ್ ಅದರ ಮೇಲೆ ಬಿದ್ದರೆ ಮೂರು ಮಿಲಿಆಂಪಿಯರ್‌ಗಿಂತ ಸ್ವಲ್ಪ ಜಾಸ್ತಿ ಕರೆಂಟ್ ಹರಿಯುತ್ತದೆ. ಕೈ ಜುಮ್ ಅನ್ನುತ್ತದೆ. "ಹಳೆ ಆಂಪ್ ಅಲ್ವಾ, ಸ್ವಲ್ಪ ಜುಮ್ ಅನ್ನುತ್ತೆ" ಎಂದು ಹೇಳುವವರ ಅನುಭವ ಇದೇ. ಆದರೆ ಆರು ದಶಕ ಹಳೆಯ ಆ ಕೆಪಾಸಿಟರ್ ಒಂದು ದಿನ ಶಾರ್ಟ್ ಆದರೆ? ಇಡೀ ಮೇನ್ಸ್ ಚಾಸಿಗೆ ಬರುತ್ತದೆ. ಚಾಸಿಯಿಂದ ಕೇಬಲ್‌ನ ಶೀಲ್ಡ್, ಶೀಲ್ಡ್‌ನಿಂದ ಗಿಟಾರ್‌ನ ಬ್ರಿಡ್ಜ್, ಬ್ರಿಡ್ಜ್‌ನಿಂದ ತಂತಿಗಳು. ನಿಮ್ಮ ಎಡಗೈ ಆ ತಂತಿಗಳ ಮೇಲಿರುತ್ತದೆ. ಎದುರಿಗಿರುವ ಹಾಡುವ ಮೈಕ್ ಮೈಕ್‌ಸೆಟ್‌ನ ಅರ್ತ್‌ಗೆ ಸೇರಿರುತ್ತದೆ. ತುಟಿ ಮೈಕ್‌ಗೆ ತಾಗಿದ ಕ್ಷಣ ಕರೆಂಟ್ ಮೈಯ ಮೂಲಕವೇ ಹಾಯುತ್ತದೆ. ಇದು ಜೀವಕ್ಕೇ ಅಪಾಯ.

"ನಾನು ಸ್ಟೆಪ್‌ಡೌನ್ ಹಾಕಿದ್ದೇನೆ, 110 ವೋಲ್ಟ್ ಮಾತ್ರ ಬರೋದು" ಎಂದು ತುಂಬಾ ಜನ ಹೇಳುತ್ತಾರೆ. ಸ್ಟೆಪ್‌ಡೌನ್ ಎಂದರೆ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್. ಎಸ್‌ಪಿ ರೋಡ್‌ನಲ್ಲಿ ಸಿಗುವ ಅಗ್ಗದ ಸ್ಟೆಪ್‌ಡೌನ್‌ಗಳಲ್ಲಿ ಹೆಚ್ಚಿನವು ಆಟೋ ಟ್ರಾನ್ಸ್‌ಫಾರ್ಮರ್‌ಗಳು. ಅವುಗಳಲ್ಲಿ ಒಂದೇ ವೈಂಡಿಂಗ್ (ತಂತಿಯ ಸುರುಳಿ). ಒಂದು ತಂತಿ ಒಳಗೂ ಹೊರಗೂ ಅದೇ. ಪ್ಲಗ್ ತಿರುವುಮುರುವಾದರೆ, ಅಥವಾ ಗೋಡೆಯ ಸಾಕೆಟ್‌ನಲ್ಲಿ ಫೇಸ್ ಮತ್ತು ನ್ಯೂಟ್ರಲ್ ಅದಲು ಬದಲಾಗಿದ್ದರೆ, ಆ ತಂತಿಯೇ ಫೇಸ್ ಆಗುತ್ತದೆ. ಆಗ ಆಂಪ್‌ನ ಎರಡು ತಂತಿಗಳ ನಡುವೆ 110 ವೋಲ್ಟ್ ಇದ್ದರೂ ನೆಲಕ್ಕೆ ಹೋಲಿಸಿದರೆ ಒಂದರಲ್ಲಿ 230 ಇರುತ್ತದೆ. ಹಾಗಾಗಿ ಇನ್ನು ಮುಂದೆ ನಾವು ಎರಡು ಬೇರೆ ವೈಂಡಿಂಗ್ ಇರುವ ಐಸೊಲೇಷನ್ ಸ್ಟೆಪ್‌ಡೌನ್ ಮಾತ್ರ ಮಾರುತ್ತೇವೆ. ತೂಕ ಜಾಸ್ತಿ, ಬೆಲೆಯೂ ಜಾಸ್ತಿ. 85 ವಾಟ್‌ನ ಟ್ವಿನ್ ರಿವರ್ಬ್ ಇರುವವರು 500 ವಿಎಗಿಂತ (ಸ್ಟೆಪ್‌ಡೌನ್ ಹೊರಬಲ್ಲ ಹೊರೆಯ ಅಳತೆ) ಕಡಿಮೆಯದನ್ನು ನೋಡಲೇಬೇಡಿ.

ಇದೇ ಜಾಗದಲ್ಲಿ ಇನ್ನೊಂದು ಮಾತು. ಅಮೆರಿಕದ ವೈರ್‌ನಲ್ಲಿ ಕಪ್ಪು ಎಂದರೆ ಫೇಸ್, ಬಿಳಿ ನ್ಯೂಟ್ರಲ್. ನಮ್ಮ ಮನೆ ವೈರಿಂಗ್‌ನಲ್ಲಿ ಕಪ್ಪು ಎಂದರೆ ನ್ಯೂಟ್ರಲ್. ಮನೆಗೆ ಬಂದ ಎಲೆಕ್ಟ್ರಿಷಿಯನ್ ಅಭ್ಯಾಸಬಲದಿಂದ ಬಣ್ಣ ನೋಡಿ ಪ್ಲಗ್ ಜೋಡಿಸಿದರೆ, ಫ್ಯೂಸ್ ಮತ್ತು ಸ್ವಿಚ್ ನ್ಯೂಟ್ರಲ್ ಕಡೆ ಹೋಗಿಬಿಡುತ್ತವೆ. ಆಂಪ್ ಚೆನ್ನಾಗಿಯೇ ಹಾಡುತ್ತದೆ. ಆದರೆ ಆಫ್ ಮಾಡಿದರೂ ಒಳಗೆ ಫೇಸ್ ಇರುತ್ತದೆ. ದಯವಿಟ್ಟು ಪ್ಲಗ್ ಬದಲಾಯಿಸುವ ಕೆಲಸವನ್ನು ನಮಗೆ ಬಿಡಿ. ಅಷ್ಟಕ್ಕೇ ತಂದರೆ ಕೂಲಿ ತೆಗೆದುಕೊಳ್ಳುವುದಿಲ್ಲ.

ಹಳೆ ಮಾರ್ಷಲ್, ವಾಕ್ಸ್ ಇರುವವರಿಗೆ ಈ ಚಿಂತೆ ಕಡಿಮೆ. ಬ್ರಿಟನ್‌ನಿಂದ ಬಂದವು ನಮ್ಮ ವೋಲ್ಟೇಜ್‌ಗೂ 50 ಹರ್ಟ್ಸ್‌ಗೂ ಹೊಂದುತ್ತವೆ. ಹಿಂದಿನ ವೋಲ್ಟೇಜ್ ಸೆಲೆಕ್ಟರ್ ಎಲ್ಲಿದೆ ಎಂದು ಮಾತ್ರ ನೋಡಿಕೊಳ್ಳಿ.

ಈಗ ನೀವು ಕೇಳುವ ಪ್ರಶ್ನೆ ನಮಗೆ ಗೊತ್ತು. "ಒರಿಜಿನಲ್ ಹೋಗುತ್ತಲ್ಲ?" ಹಳೆ ಆಂಪ್ ಅನ್ನು ಇದ್ದ ಹಾಗೆ ಉಳಿಸಬೇಕು ಎನ್ನುವ ಆಸೆ ನಮಗೂ ಇದೆ. ಆ ಆಸೆ ಇಲ್ಲದವರು ಈ ಕೆಲಸಕ್ಕೆ ಬರುವುದೇ ಇಲ್ಲ. ಆದರೆ ಹಳೆ ಬೈಕಿಗೆ ಹೊಸ ಟೈರ್ ಹಾಕಿದರೆ ಅದು ಹಳೆ ಬೈಕೇ ಆಗಿರುತ್ತದೆ. ನಾವು ಚಾಸಿಗೆ ಹೊಸ ತೂತು ಕೊರೆಯುವುದಿಲ್ಲ. ಮೊದಲಿನ ವೈರ್ ಬರುತ್ತಿದ್ದ ತೂತಿನಲ್ಲೇ ಹೊಸದು ಬರುತ್ತದೆ. ಗ್ರೌಂಡ್ ಸ್ವಿಚ್ ಕಿತ್ತುಹಾಕುವುದಿಲ್ಲ, ಅದರ ಸಂಪರ್ಕ ಮಾತ್ರ ತಪ್ಪಿಸುತ್ತೇವೆ. ತೆಗೆದ ವೈರ್, ಕೆಪಾಸಿಟರ್ ಎಲ್ಲವನ್ನೂ ಕವರ್‌ನಲ್ಲಿ ಹಾಕಿ ಚೀಟಿ ಬರೆದು ನಿಮಗೇ ಕೊಡುತ್ತೇವೆ. ಕೆಲಸದ ಮೊದಲು, ಆಮೇಲೆ ಫೋಟೋ ಕಳಿಸುತ್ತೇವೆ. ಮೂರನೇ ಪಿನ್‌ನಿಂದ ಟೋನ್ ಬದಲಾಗುವುದಿಲ್ಲ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಸ್ಪೀಕರ್, ಸದ್ದು ಮಾಡದ ಹಳೆ ಕಾರ್ಬನ್ ರೆಸಿಸ್ಟರ್‌ಗಳು, ಇವನ್ನು ನಾವು ಸುಮ್ನೆ ಮುಟ್ಟುವುದೂ ಇಲ್ಲ.

ಆಂಪ್‌ನ ಒಳಗಿನ ಕರೆಂಟ್‌ನ ಏರಿಳಿತ ಕಡಿಮೆ ಮಾಡುವ ಫಿಲ್ಟರ್ ಕೆಪಾಸಿಟರ್‌ಗಳ ವಿಷಯದಲ್ಲಿ ಬಲವಂತ ಇಲ್ಲ, ಸಲಹೆ ಇದೆ. ಅವು ಎಲೆಕ್ಟ್ರೋಲಿಟಿಕ್ ಜಾತಿಯವು, ಒಳಗೇ ಒಣಗುವ ವಸ್ತು. ಇಪ್ಪತ್ತು ವರ್ಷ ದಾಟಿದ್ದನ್ನು ನಂಬಬೇಡಿ. ಹಮ್ ಜಾಸ್ತಿಯಾಗುತ್ತದೆ, ಬಾಸ್ ಸಡಿಲವಾಗುತ್ತದೆ. ಶಾರ್ಟ್ ಆದರೆ ರೆಕ್ಟಿಫೈಯರ್ ವಾಲ್ವ್ (ಎಸಿಯನ್ನು ಡಿಸಿ ಮಾಡುವುದು) ಹೋಗುತ್ತದೆ, ಕೆಲವೊಮ್ಮೆ ಪವರ್ ಟ್ರಾನ್ಸ್‌ಫಾರ್ಮರ್ ಕೂಡ. ಅಮೆರಿಕದ 60 ಹರ್ಟ್ಸ್‌ಗೆ ಸುತ್ತಿದ ಟ್ರಾನ್ಸ್‌ಫಾರ್ಮರ್ ನಮ್ಮ 50 ಹರ್ಟ್ಸ್‌ನಲ್ಲಿ ಮೊದಲೇ ಹೆಚ್ಚು ಬಿಸಿಯಾಗುತ್ತದೆ. ಅದರ ಮೇಲೆ ಇನ್ನಷ್ಟು ಹೊರೆ ಬೇಡ. ಹಳೆ ಫಿಲ್ಟರ್ ಉಳಿಸಿಕೊಂಡರೆ ಟ್ರಾನ್ಸ್‌ಫಾರ್ಮರ್‌ಗೆ ನಾವು ಗ್ಯಾರಂಟಿ ಕೊಡುವುದಿಲ್ಲ.

ಅಂದ ಹಾಗೆ, ವಾಲ್ವ್ ಬದಲಿಸಿ ಎಂದು ಕೇಳುವ ಮೊದಲು ನಮಗೆ ಒಮ್ಮೆ ಟೆಸ್ಟ್ ಮಾಡಲು ಬಿಡಿ. ಇದೇ ಊರಿನ ಜಾಲಹಳ್ಳಿಯ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಕಾರ್ಖಾನೆಯಲ್ಲಿ 1961ರಿಂದ ರೇಡಿಯೋ ವಾಲ್ವ್‌ಗಳು ತಯಾರಾಗುತ್ತಿದ್ದವು. ಹಳೆ ರೇಡಿಯೋ, ಮೈಕ್‌ಸೆಟ್‌ಗಳ ಜೊತೆ ಉಳಿದುಕೊಂಡ ಬಿಇಎಲ್ ವಾಲ್ವ್‌ಗಳು ಈಗಲೂ ಕೆಲವರ ಮನೆಯ ಅಟ್ಟದಲ್ಲಿ ಸಿಗುತ್ತವೆ. ಎಸೆಯಬೇಡಿ, ತನ್ನಿ. ಟೆಸ್ಟ್ ಮಾಡಿ ಹೇಳುತ್ತೇವೆ. ಈಗ ಹೊಸದಾಗಿ ಬರುವವು ಸ್ಲೊವಾಕಿಯಾ, ರಷ್ಯಾ, ಚೀನಾದವು.

ನಿಮ್ಮ ಮನೆಯ ಕಡೆಯಿಂದ ಆಗಬೇಕಾದ ಕೆಲಸವೂ ಇದೆ. ಆಂಪ್‌ಗೆ ಮೂರು ಪಿನ್ ಹಾಕಿ ಕೊಟ್ಟರೂ ಗೋಡೆಯಲ್ಲಿ ಅರ್ತ್ ಇಲ್ಲದಿದ್ದರೆ ಏನೂ ಪ್ರಯೋಜನ ಇಲ್ಲ. ಬಸವನಗುಡಿ, ಮಲ್ಲೇಶ್ವರ, ಫ್ರೇಜರ್ ಟೌನ್ ಕಡೆಯ ಹಳೆ ಮನೆಗಳಲ್ಲಿರುವವರು ಇದನ್ನು ಗಮನಿಸಿ. ಸಾಕೆಟ್‌ನಲ್ಲಿ ಮೂರು ತೂತು ಇದೆ ಎಂದರೆ ಮೂರನೆಯದಕ್ಕೆ ತಂತಿ ಇದೆ ಎಂದಲ್ಲ. ಇದ್ದರೂ ಅಂಗಳದ ಅರ್ತ್ ಗುಂಡಿಯ ಪೈಪ್ ತುಕ್ಕು ಹಿಡಿದಿರಬಹುದು, ಬೇಸಿಗೆಯಲ್ಲಿ ಮಣ್ಣು ಒಣಗಿರಬಹುದು. ಎಲೆಕ್ಟ್ರಿಷಿಯನ್ ಕರೆಸಿ ಮೀಟರ್ ಹಿಡಿಸಿ. ಫೇಸ್‌ನಿಂದ ಅರ್ತ್‌ಗೆ ಹೆಚ್ಚುಕಡಿಮೆ ಫೇಸ್‌ನಿಂದ ನ್ಯೂಟ್ರಲ್‌ಗೆ ಇರುವಷ್ಟೇ ವೋಲ್ಟೇಜ್ ತೋರಿಸಬೇಕು. ನ್ಯೂಟ್ರಲ್‌ನಿಂದ ಅರ್ತ್‌ಗೆ ಎರಡು ಮೂರು ವೋಲ್ಟ್ ದಾಟಬಾರದು. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇಲ್ಲದಿದ್ದರೆ ಹಾಕಿಸಿ.

ಹಮ್ ಬರುತ್ತದೆ ಎಂದು ಪ್ಲಗ್‌ನ ಅರ್ತ್ ಪಿನ್ ಕತ್ತರಿಸುವವರು ಇದ್ದಾರೆ. ಹಾಗೆ ಮಾಡಲೇಬೇಡಿ. ಆಂಪ್, ಪೆಡಲ್‌ಬೋರ್ಡ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ ನೋಡಿ, ಬಹಳ ಸಲ ಅಲ್ಲಿಗೇ ಸರಿಹೋಗುತ್ತದೆ. ಹೋಗದಿದ್ದರೆ ನಮಗೆ ಹೇಳಿ.

ಖರ್ಚಿನ ವಿಷಯ. ಹೊಸ ವೈರ್, ಅರ್ತಿಂಗ್, ಡೆತ್ ಕ್ಯಾಪ್ ತೆಗೆಯುವುದು ಎಲ್ಲ ಸೇರಿ 1,200 ರೂಪಾಯಿ. ಫಿಲ್ಟರ್ ಕೆಪಾಸಿಟರ್‌ಗೆ ಬಿಡಿಭಾಗದ ಬಿಲ್ ತೋರಿಸಿ ಅದರ ಮೇಲೆ ಕೂಲಿ. ಈಗಾಗಲೇ ನಮ್ಮ ಶೆಲ್ಫ್‌ನಲ್ಲಿರುವ ಆಂಪ್‌ಗಳಿಗೆ ಅರ್ತಿಂಗ್ ಕೆಲಸವನ್ನು ಉಚಿತವಾಗಿ ಮಾಡಿಕೊಡುತ್ತೇವೆ. ಒಂದೇ ದಿನದಲ್ಲಿ ಮಾಡಿಕೊಡುವ ಅರ್ಜೆಂಟ್ ಕೆಲಸ ಮಾತ್ರ ಇನ್ನು ಇರುವುದಿಲ್ಲ. ಶನಿವಾರ ಪ್ರೋಗ್ರಾಂ ಇದ್ದರೆ ಹಿಂದಿನ ವಾರವೇ ತನ್ನಿ.

ತರುವ ಮೊದಲು ಆನ್ ಮಾಡಿ ಪರೀಕ್ಷೆ ಮಾಡಬೇಡಿ. ವರ್ಷಗಟ್ಟಲೆ ಮೂಲೆಯಲ್ಲಿದ್ದ ಆಂಪ್ ಆದರಂತೂ ಬೇಡವೇ ಬೇಡ. ನಮ್ಮ ಸೀರೀಸ್ ಬೋರ್ಡ್‌ನಲ್ಲಿ (ಬಲ್ಬ್ ಮೂಲಕವೇ ಆಂಪ್‌ಗೆ ಕರೆಂಟ್ ಹೋಗುವ ಬೋರ್ಡ್) 100 ವಾಟ್ ಬಲ್ಬ್ ಹಾಕಿ ನಿಧಾನವಾಗಿ ಎಬ್ಬಿಸುತ್ತೇವೆ. ಪ್ಲಗ್ ಕಿತ್ತ ಮೇಲೂ ಒಳಗೆ 400 ವೋಲ್ಟ್‌ಗಿಂತ ಜಾಸ್ತಿ ಉಳಿದಿರಬಹುದು, ಹಿಂದಿನ ಹಲಗೆ ಬಿಚ್ಚಬೇಡಿ. ವಾಲ್ವ್‌ಗಳನ್ನು ಬೇರೆ ತೆಗೆದಿಟ್ಟಿದ್ದರೆ ಅವನ್ನೂ ತನ್ನಿ. ಸ್ಪೀಕರ್ ಬೇರೆ ಕ್ಯಾಬಿನೆಟ್‌ನಲ್ಲಿದ್ದರೆ ಅದರ ಕೇಬಲ್ ಮರೆಯಬೇಡಿ. ಸ್ಪೀಕರ್ ಇಲ್ಲದೆ ವಾಲ್ವ್ ಆಂಪ್ ಓಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಅನುಮಾನ ಏನೇ ಇದ್ದರೂ ಸಂಜೆ ಹೊತ್ತಿಗೆ ಫೋನ್ ಮಾಡಿ.

ಇಂತಿ,
ವರ್ಕ್‌ಶಾಪ್‌ನ ಎಲ್ಲರ ಪರವಾಗಿ