ವೇಷಕ್ಕಿಂತ ಸ್ವಭಾವ ಮುಖ್ಯ

ಮಾನ್ಯ ಸಂಪಾದಕರೇ,

ಕಾಮಿಕ್ಸ್ ಪುಸ್ತಕದ ಸೂಪರ್‌ಹೀರೋ ಬೆಳ್ಳಿತೆರೆಗೆ ಬಂದಾಗಲೆಲ್ಲ ಉಡುಪಿನ ಬಣ್ಣ, ಶಕ್ತಿಯ ಮೂಲ ಮುಂತಾದ ಹೊರ ವಿವರಗಳು ಪುಸ್ತಕದಂತೆಯೇ ಇವೆಯೇ ಎಂಬ ಚರ್ಚೆಯೇ ಮೇಲುಗೈ ಪಡೆಯುವುದು ಸರಿಯಲ್ಲ. 1962ರಲ್ಲಿ ಹುಟ್ಟಿದ ಸ್ಪೈಡರ್‌ಮ್ಯಾನ್ ಪುಸ್ತಕದಲ್ಲಿ ತಾನೇ ತಯಾರಿಸಿದ ಯಂತ್ರದಿಂದ ಬಲೆ ಎಸೆಯುತ್ತಿದ್ದರೆ, ಸ್ಯಾಮ್ ರೈಮಿ ನಿರ್ದೇಶನದ 2002ರ ಚಿತ್ರದಲ್ಲಿ ಅದು ಅವನ ಮಣಿಕಟ್ಟಿನಿಂದಲೇ ಹೊಮ್ಮಿತು. ಆದರೂ ದೊಡ್ಡಪ್ಪನ ಸಾವಿಗೆ ತನ್ನ ಉದಾಸೀನವೇ ಕಾರಣವೆಂಬ ಆ ಹುಡುಗನ ಸಂಕಟವನ್ನು ನಿರ್ದೇಶಕರು ಕೈಬಿಡದೆ ಇದ್ದುದರಿಂದ ಪಾತ್ರದ ಜೀವ ಉಳಿಯಿತು.

ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಾದ ಕುಂಬಳೆಯ ಆಸುಪಾಸಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವೇಷವಿಲ್ಲದೆ ಕುಳಿತು ಹಾಡು-ಮಾತಿನಲ್ಲೇ ನಡೆಸುವ ಯಕ್ಷಗಾನದ ಬಗೆಯಾದ ತಾಳಮದ್ದಳೆಯಲ್ಲಿ ಅದೇ ಪದ್ಯಕ್ಕೆ, ಪಾತ್ರದ ಮಾತನ್ನಾಡುವ ಒಬ್ಬೊಬ್ಬ ಅರ್ಥಧಾರಿ ಒಂದೊಂದು ಬಗೆಯ ಅರ್ಥ ಹೇಳಿದರೂ ಸಭೆ ಸಂತೋಷದಿಂದ ಕೇಳುತ್ತದೆ, ಆದರೆ ಪಾತ್ರದ ಸ್ವಭಾವವನ್ನೇ ಕೆಡಿಸಿದರೆ ಒಪ್ಪುವುದಿಲ್ಲ.

ಪುಸ್ತಕದಲ್ಲಿ ಒಂದು ಚೌಕಟ್ಟಿನಿಂದ ಇನ್ನೊಂದಕ್ಕೆ ಹೋಗುವ ನಡುವಿನ ಚಲನೆಯನ್ನು ಓದುವ ಮಗು ತಾನೇ ಕಲ್ಪಿಸಿಕೊಳ್ಳುತ್ತದೆ. ಸಿನಿಮಾ ಆ ಬಿಡುವನ್ನೆಲ್ಲ ಗ್ರಾಫಿಕ್ಸ್ ಕಾಳಗದಿಂದ ತುಂಬಿಸಿಬಿಟ್ಟರೆ ನೋಡುಗನಿಗೆ ಕಲ್ಪಿಸಲು ಏನೂ ಉಳಿಯುವುದಿಲ್ಲ, ಮತ್ತು ಇಂದಿನ ಅನೇಕ ಚಿತ್ರಗಳ ಸೋಲು ನಿಜಕ್ಕೂ ಇಲ್ಲಿಯೇ ಇದೆ. ಕನ್ನಡದಲ್ಲಿ ಇಂತಹ ಪ್ರಯತ್ನಕ್ಕೆ ಕೈಹಾಕುವ ನಿರ್ಮಾಪಕರು ಗ್ರಾಫಿಕ್ಸ್‌ಗೆ ಹಣ ಹೊಂದಿಸುವ ಮೊದಲು ಚಿತ್ರಕಥೆಗೆ ಸಾಕಷ್ಟು ಕಾಲ ಕೊಡಬೇಕೆಂದು ವಿನಂತಿಸುತ್ತೇನೆ.

– ಓರ್ವ ಓದುಗ, ಕುಂಬಳೆ, ಕಾಸರಗೋಡು